ನಂಬಿಕೆ ಬಂದ ಮೇಲೇ ಶುರು ಮಾಡಬೇಕಾ?

ಪ್ರಶ್ನೆ: ಮನಸ್ಸಿಗೆ ಬಿದ್ದ ಪೆಟ್ಟು ಇನ್ನೂ ಮಾಗಿಲ್ಲ. ಪ್ರಾರ್ಥನೆ ಮಾಡು, ಧ್ಯಾನ ಮಾಡು ಅಂತ ಎಲ್ಲರೂ ಹೇಳುತ್ತಾರೆ. ಆದರೆ ನನಗೆ ನಂಬಿಕೆಯೇ ಇಲ್ಲ. ನಂಬದೆ ಕೈ ಮುಗಿದರೆ ಅದು ನಾಟಕ ಅಲ್ವಾ?

ಅಲ್ಲ. ನಂಬಿದ್ದೇನೆ ಅಂತ ನಾಲ್ಕು ಜನರ ಮುಂದೆ ತೋರಿಸಿಕೊಂಡರೆ ಅದು ನಾಟಕ. "ನನಗೆ ನಂಬಿಕೆ ಇಲ್ಲ, ಆದರೂ ವಾಸಿಯಾಗಬೇಕು" ಅಂತ ಒಪ್ಪಿಕೊಂಡು ಸುಮ್ನೆ ಕೂತರೆ ಅದರಲ್ಲಿ ನಾಟಕ ಎಲ್ಲಿದೆ?

ಕುಡಿತ ಬಿಡಲು ಒದ್ದಾಡುವವರ ಸಂಘ ಆಲ್ಕೋಹಾಲಿಕ್ಸ್ ಅನಾನಿಮಸ್ ಹೆಸರು ಕೇಳಿರಬಹುದು. 1935ರಲ್ಲಿ ಅಮೆರಿಕದಲ್ಲಿ ಬಿಲ್ ವಿಲ್ಸನ್ ಮತ್ತು ಡಾಕ್ಟರ್ ಬಾಬ್ ಸ್ಮಿತ್ ಶುರು ಮಾಡಿದ್ದು. ಇಬ್ಬರೂ ಕುಡಿತದಿಂದ ಹಾಳಾಗಿದ್ದವರೇ. ಬಿಲ್‌ಗೆ ದೇವರ ಮಾತೆತ್ತಿದರೆ ಆಗುತ್ತಿರಲಿಲ್ಲ. 1934ರ ಕೊನೆಗೆ ಮನೆಗೆ ಬಂದ ಹಳೆಯ ಗೆಳೆಯನೊಬ್ಬ, ನಿನಗೆ ಒಪ್ಪುವಂಥ ದೇವರನ್ನು ನೀನೇ ಕಲ್ಪಿಸಿಕೋ ಎಂದ. ನಂಬಲು ಸಿದ್ಧನಿದ್ದರೆ ಸಾಕು, ಶುರು ಮಾಡಲು ಬೇರೇನೂ ಬೇಡ ಅಂತ ಬಿಲ್‌ಗೆ ಹೊಳೆದದ್ದು ಆಗ. 1939ರಲ್ಲಿ ಅಚ್ಚಾದ ಅವರ ಹನ್ನೆರಡು ಮೆಟ್ಟಿಲುಗಳಲ್ಲೂ, ಅಂದರೆ ಕುಡಿತದಿಂದ ಹೊರಬರಲು ಸಂಘ ಹೇಳುವ ಹಂತಗಳಲ್ಲೂ, ಇದರ ಗುರುತಿದೆ. ಎರಡನೆಯ ಮೆಟ್ಟಿಲು "ನಂಬಿದೆವು" ಅನ್ನುವುದಿಲ್ಲ, "ನಂಬುವಂತಾದೆವು" ಅನ್ನುತ್ತದೆ. ಸಂಘಕ್ಕೆ ಸೇರಲು ಇರುವ ಷರತ್ತೂ ಒಂದೇ, ಕುಡಿತ ಬಿಡುವ ಆಸೆ. ನಾಸ್ತಿಕರೂ ಬಂದು ಕೂರಬಹುದು.

ನನಗೆ ಅನ್ನಿಸುವುದು ಇಷ್ಟೇ: ನಾವು ನಂಬಿಕೆಯನ್ನು ಪ್ರವೇಶ ಶುಲ್ಕ ಅಂದುಕೊಂಡು ಬಾಗಿಲ ಹೊರಗೇ ನಿಂತುಬಿಡುತ್ತೇವೆ, ಆದರೆ ಅದು ಒಳಗೆ ಹೋಗಿ ನಾಲ್ಕಾರು ದಿನ ಕೂತು, ಬೇಸರಪಟ್ಟು, ಎದ್ದು ಹೋಗಿ, ಮತ್ತೆ ಬಂದು ಕೂತವರಿಗೆ ನಿಧಾನವಾಗಿ ಹತ್ತುವಂಥದ್ದು. ಮೊದಲಿಗೆ ಬೇಕಾದದ್ದು ಮನಸ್ಸು ಮಾಡುವುದು. ಅದೂ ಒಮ್ಮೆ ಮಾಡಿದರೆ ಮುಗಿಯಲಿಲ್ಲ. ನಿನ್ನೆ ಕ್ಷಮಿಸಲು ಸಿದ್ಧವಿದ್ದ ಮನಸ್ಸು ಇವತ್ತು ಬೆಳಿಗ್ಗೆ ಮತ್ತೆ ಮುಷ್ಟಿ ಬಿಗಿದಿರುತ್ತದೆ. (ಕೆಲವು ಸಲ ನೋವು ಬಿಟ್ಟುಕೊಡಲು ನಮಗೇ ಇಷ್ಟವಿರುವುದಿಲ್ಲ, ಅಷ್ಟು ದಿನ ಜೊತೆಗಿದ್ದದ್ದಲ್ವಾ.) ಬೈಬಲ್ಲಿನ ಮಾರ್ಕನ ಸುವಾರ್ತೆಯಲ್ಲಿ ಒಬ್ಬ ತಂದೆ ಇದ್ದಾನೆ. ಕಾಯಿಲೆಯ ಮಗನನ್ನು ಯೇಸುವಿನ ಹತ್ತಿರ ತಂದವನು, ನಂಬುತ್ತೇನೆ, ನನ್ನ ಅಪನಂಬಿಕೆಗೂ ನೀನೇ ಸಹಾಯ ಮಾಡು ಅಂತ ಕೂಗುತ್ತಾನೆ. ಅರೆಬರೆ ನಂಬಿಕೆ. ಮಗ ವಾಸಿಯಾಗುತ್ತಾನೆ.

ಒಂದು ಎಚ್ಚರಿಕೆ. "ನಿನ್ನ ನಂಬಿಕೆ ಸಾಲದು, ಅದಕ್ಕೇ ವಾಸಿಯಾಗಲಿಲ್ಲ" ಅನ್ನುವವರು ಸಿಕ್ಕರೆ ಎದ್ದು ಬನ್ನಿ. ಮಾತ್ರೆ ನಿಲ್ಲಿಸು ಅನ್ನುವವರಿಂದ ಇನ್ನೂ ಬೇಗ. ಡಾಕ್ಟರ್ ಹತ್ತಿರ ಹೋಗುವುದಕ್ಕೂ ಪ್ರಾರ್ಥನೆಗೂ ಜಗಳವಿಲ್ಲ.

ಹಾಗಾದರೆ ಇವತ್ತು ಏನು ಮಾಡಬಹುದು? ಐದು ನಿಮಿಷ ಕೂರಿ, ಜಾಸ್ತಿ ಬೇಡ. ಯಾರನ್ನು ಕರೆಯಬೇಕೋ ಗೊತ್ತಿಲ್ಲದಿದ್ದರೆ ಯಾರನ್ನೂ ಕರೆಯಬೇಡಿ, "ನನಗೆ ಸಹಾಯ ಬೇಕು" ಅಂದರಾಯಿತು. ಅದನ್ನು ಹೇಳಲೂ ಮನಸ್ಸಿಲ್ಲದ ದಿನ "ಇವತ್ತು ಮನಸ್ಸಿಲ್ಲ" ಅಂತಲೇ ಹೇಳಿ ಎದ್ದು ಬನ್ನಿ.