ಬೂದಿ ಬಿದ್ದು ಬಂದ ಮೆರುಗು

ಜಪಾನಿನ ಒಕಯಾಮ ಪ್ರಾಂತ್ಯದ ಇಂಬೆ ಊರಲ್ಲಿ ತಯಾರಾಗುವ ಬಿಜೆನ್ ಹೂಜಿಯನ್ನು ಹತ್ತಿರದಿಂದ ನೋಡಿದರೆ, ಅದರ ಹೆಗಲ ಮೇಲೆ ಯಾರೋ ಎಳ್ಳು ಚೆಲ್ಲಿದ ಹಾಗಿರುತ್ತದೆ. ಅಲ್ಲಿನವರು ಅದಕ್ಕೆ 'ಗೋಮಾ' ಅಂತಲೇ ಹೇಳುತ್ತಾರೆ. ಗೋಮಾ ಎಂದರೆ ಎಳ್ಳು. ಅದು ಯಾರೂ ಬಳಿದ ಬಣ್ಣವಲ್ಲ. ಆವಿಗೆಯಲ್ಲಿ ಹತ್ತು ಹದಿನಾಲ್ಕು ದಿನ ಪೈನ್ ಸೌದೆ ಉರಿಯುತ್ತದೆ. ಹಾರಿದ ಬೂದಿ ಮಡಕೆಯ ಮೇಲೆ ಕೂತು, ಸುಮಾರು 1,200 ಡಿಗ್ರಿ ಕಾವಿಗೆ ಕರಗಿ ಗಾಜಾಗುತ್ತದೆ.

ಉಪ್ಪಿನಕಾಯಿ ಭರಣಿಯ ಮೈಮೇಲೆ ಹೊಳಪಿನ ಪದರ ಇರುತ್ತದಲ್ವಾ, ಆ ಗ್ಲೇಜ್ ಕೂಡ ಇಂಥದ್ದೇ ಗಾಜು. ಮಧ್ಯಯುಗದಲ್ಲಿ ಬಿಜೆನ್, ಶಿಗರಾಕಿ, ತಂಬಾ, ಎಚಿಜೆನ್, ತೊಕೊನಾಮೆಯ ಕುಂಬಾರರು ಅದನ್ನು ಬೆಂಕಿಗೇ ಬಿಟ್ಟಿದ್ದರು. ಚೀನಾದ ಪಾತ್ರೆಗಳನ್ನು ನೋಡಿ ಬೇಕೆಂದೇ ಗ್ಲೇಜ್ ಹಚ್ಚುತ್ತಿದ್ದವರು ಸೆತೊ ಊರಿನವರು. ಅವರ ಹೆಸರು ಎಷ್ಟು ಹರಡಿತೆಂದರೆ, ಇವತ್ತಿಗೂ ಪಿಂಗಾಣಿ ಪಾತ್ರೆಗೆ 'ಸೆತೊಮೊನೊ' ಅನ್ನುವುದುಂಟು.

ಈ ಹೆಸರಿನಿಂದಲೇ ಒಂದು ಎಡವಟ್ಟೂ ಆಯಿತು. 16ನೇ ಶತಮಾನದ ಕೊನೆಯ ಹೊತ್ತಿಗೆ ಚಹಾಕೂಟದ ರಸಿಕರು ದಪ್ಪ ಬಿಳಿ ಗ್ಲೇಜಿನ 'ಶಿನೊ' ಬಟ್ಟಲುಗಳಿಗೆ ಮರುಳಾಗಿದ್ದರು. ಅವೂ ಸೆತೊದವೇ ಎಂದು ಎಲ್ಲರೂ ನಂಬಿದ್ದರು. 1930ರಲ್ಲಿ ಕುಂಬಾರ ಅರಕವಾ ತೊಯೊಜೊ ನಗೋಯಾದಲ್ಲಿ ಬಿದಿರು ಕಳಲೆಯ ಚಿತ್ರವಿದ್ದ ಒಂದು ಹಳೇ ಶಿನೊ ಬಟ್ಟಲನ್ನು ನೋಡಿದರು. ಅದರ ತಳದಲ್ಲಿ ಚೂರು ಮಣ್ಣು ಅಂಟಿತ್ತು. ಇದು ಸೆತೊದ್ದಲ್ಲ ಅನ್ನಿಸಿತು. ಕೆಲವೇ ದಿನಗಳಲ್ಲಿ ಮಿನೊ ಸೀಮೆಯ ಹಳೇ ಆವಿಗೆಯೊಂದರ ಜಾಗದಲ್ಲಿ ಅಗೆದರೆ ಅದೇ ಕಳಲೆ ಚಿತ್ರದ ಬೋಕಿ ಸಿಕ್ಕಿತು! ಅಷ್ಟು ದಿನದ ನಂಬಿಕೆ ಒಂದು ಬೋಕಿಗೆ ಬಿದ್ದುಹೋಯಿತು. ಅವರು ಅಲ್ಲೇ ಆವಿಗೆ ಕಟ್ಟಿ ಶಿನೊ ಮಾಡಲು ಕೂತರು.

ನೈಋತ್ಯ ಜಪಾನಿನ ಕಥೆ ಇಷ್ಟು ಹಿತವಾದದ್ದಲ್ಲ. 1592–98ರ ನಡುವೆ, ಆಗ ಜಪಾನನ್ನು ಆಳುತ್ತಿದ್ದ ಹಿದೆಯೋಶಿಯ ಪಡೆಗಳು ಕೊರಿಯಾ ಮೇಲೆ ದಂಡೆತ್ತಿ ಹೋದಾಗ ಅಲ್ಲಿನ ಕುಂಬಾರರನ್ನೂ ಹಿಡಿದು ತಂದರು. ಹಗಿ, ಅರಿತಾ, ಸತ್ಸುಮಾ ಪಾತ್ರೆಗಳ ಹಿಂದೆ ಇರುವುದು ಅವರ ಕೈ. ಹಗಿ ಬಟ್ಟಲಿನ ಗ್ಲೇಜಿನಲ್ಲಿ ಕೂದಲೆಳೆಯಷ್ಟು ಸಣ್ಣ ಬಿರುಕುಗಳಿರುತ್ತವೆ. ಅದರೊಳಗೆ ಚಹಾ ಇಳಿದು ವರ್ಷ ಕಳೆದಂತೆ ಬಣ್ಣ ತಿರುಗುತ್ತದೆ. ಇದನ್ನು ಹೊಗಳುವಾಗ ಸೆರೆಯ ವಿಷಯ ಸುಮ್ನೆ ಬಿಟ್ಟುಬಿಡುವವರೇ ಜಾಸ್ತಿ.

ಬಿಜೆನ್‌ನವರು ಮಾತ್ರ ಗ್ಲೇಜಿನ ಗೊಡವೆಗೆ ಹೋಗಲಿಲ್ಲ. ಗದ್ದೆಯ ಅಡಿಯಿಂದ ತೆಗೆಯುವ ಅವರ ಜೇಡಿಮಣ್ಣು ಸುಡುವಾಗ ತುಂಬಾ ಕುಗ್ಗುತ್ತದೆ, ಹಚ್ಚಿದ ಗ್ಲೇಜ್ ಅದರ ಮೇಲೆ ಸರಿಯಾಗಿ ನಿಲ್ಲದು. ಒತ್ತಾಗಿ ಜೋಡಿಸಿದ ಮಡಕೆಗಳು ಒಂದಕ್ಕೊಂದು ಅಂಟದಿರಲಿ ಎಂದು ಹಿಂದೆ ಭತ್ತದ ಹುಲ್ಲು ಸುತ್ತುತ್ತಿದ್ದರು. ಹುಲ್ಲು ಸುಟ್ಟು ಹೋದರೂ, ಅದು ತಾಗಿದಲ್ಲೆಲ್ಲ ಕೆಂಪು ಗೆರೆ ಉಳಿಯುತ್ತಿತ್ತು. ಈಗ ಆ ಗೆರೆ ಬೇಕೆಂದೇ ಹುಲ್ಲು ಸುತ್ತುತ್ತಾರೆ.