ಗಾಯಕರು ಪಲ್ಲವಿ ಮತ್ತೆ ಎತ್ತಿಕೊಂಡರೆ ಕೀಬೋರ್ಡ್ ಏನು ಮಾಡುತ್ತದೆ?

ಗಣೇಶ ಹಬ್ಬದ ಪ್ರೋಗ್ರಾಂ. ಬ್ಯಾಂಡಿನಲ್ಲಿ ನಾವು ಆರೇ ಜನ. ಪಿಟೀಲು ಇಲ್ಲ, ಬ್ರಾಸ್ ಇಲ್ಲ, ಎರಡನೇ ಕೀಬೋರ್ಡ್ ಇಲ್ಲ. ಅವರೆಲ್ಲರ ಭಾಗ ನನ್ನ ಕೀಬೋರ್ಡಿನ ಸೀಕ್ವೆನ್ಸರಿನಲ್ಲಿತ್ತು, ಅಂದರೆ ಮೊದಲೇ ನುಡಿಸಿ ತುಂಬಿಟ್ಟದ್ದನ್ನು ತಾನೇ ನುಡಿಸುವ ವ್ಯವಸ್ಥೆಯಲ್ಲಿ. ಮೊದಲ ಚರಣ ಮುಗಿದು ಪಲ್ಲವಿ ಬಂತು, ಅದಾದ ಮೇಲೆ ಬಿಜಿಎಂ (ಹಾಡಿನ ನಡುವಿನ ವಾದ್ಯ ಸಂಗೀತ) ಬರಬೇಕು. ಜನ ಶಿಳ್ಳೆ ಹೊಡೆಯುತ್ತಿದ್ದರು. ಗಾಯಕರು ಖುಷಿಯಲ್ಲಿ ಪಲ್ಲವಿಯನ್ನು ಇನ್ನೊಮ್ಮೆ ಎತ್ತಿಕೊಂಡರು. ತಬಲಾದವರು ಅವರ ಜೊತೆ ಹೋದರು, ಬೇಸ್ ಗಿಟಾರ್‌ನವರೂ ಹೋದರು. ಸೀಕ್ವೆನ್ಸರ್ ಮಾತ್ರ ಹೋಗಲಿಲ್ಲ. ಅದು ತನ್ನ ಲೆಕ್ಕದ ಪ್ರಕಾರ ಬಿಜಿಎಂ ಶುರು ಮಾಡಿತು. ಪಿಟೀಲುಗಳು ಒಂದು ಕಡೆ, ಹಾಡು ಇನ್ನೊಂದು ಕಡೆ. ಗಾಬರಿಯಲ್ಲಿ ಸ್ಟಾಪ್ ಒತ್ತಿದೆ. ಸ್ಟ್ರಿಂಗ್ಸ್, ಶೇಕರ್, ಎಲ್ಲ ಒಟ್ಟಿಗೆ ನಿಂತು ಕರೆಂಟ್ ಹೋದ ಹಾಗಾಯಿತು.

"ಸರ್, ಹೊಸ ವರ್ಕ್‌ಸ್ಟೇಷನ್ ತಗೋಬೇಕು, ಯಾವುದು ಒಳ್ಳೇದು?" ಎಂದು ಹುಡುಗರು ಕೇಳಿದಾಗೆಲ್ಲ ನನಗೆ ಆ ರಾತ್ರಿ ನೆನಪಾಗುತ್ತದೆ. (ಟೋನ್, ಸೀಕ್ವೆನ್ಸರ್ ಎಲ್ಲ ಒಂದರಲ್ಲೇ ಇರುವ ಕೀಬೋರ್ಡಿಗೆ ವರ್ಕ್‌ಸ್ಟೇಷನ್ ಅನ್ನುತ್ತಾರೆ.) ಅಂಗಡಿಗೆ ಹೋದವರು ಮೊದಲು ಪಿಯಾನೋ ಟೋನ್ ಒತ್ತುತ್ತಾರೆ. ಆಮೇಲೆ ಕೊಳಲು, ಸಿತಾರ್, ಬ್ರಾಸ್. ಅರ್ಧ ಗಂಟೆ ಟೋನ್ ಕೇಳಿ ದುಡ್ಡು ಕೊಟ್ಟು ಬರುತ್ತಾರೆ. ಟೋನ್ ಈಗ ಯಾವ ಕಂಪನಿಯದ್ದೂ ಕೆಟ್ಟದಾಗಿಲ್ಲ. ಬ್ಯಾಂಡಿನಲ್ಲಿ ಇಲ್ಲದವರ ಭಾಗವನ್ನು ಯಂತ್ರದಿಂದ ನುಡಿಸಬೇಕು ಅಂದರೆ ಕೇಳಬೇಕಾದ ಪ್ರಶ್ನೆ ಬೇರೆ. ಹಾಡು ಹಳಿ ತಪ್ಪಿದಾಗ ಇದು ನನ್ನ ಮಾತು ಕೇಳುತ್ತದೆಯಾ?

ವರ್ಕ್‌ಸ್ಟೇಷನ್ ಅನ್ನುವ ಹೆಸರನ್ನು ನಂಬಿ ಕೊಳ್ಳಬೇಡಿ. 1988ರಲ್ಲಿ ಬಂದ ಕೋರ್ಗ್ ಎಂ1ರಲ್ಲಿ ಟೋನ್, ಡ್ರಮ್ಸ್, ಎಫೆಕ್ಟ್, 8 ಟ್ರ್ಯಾಕಿನ ಸೀಕ್ವೆನ್ಸರ್ ಎಲ್ಲ ಒಂದೇ ಪೆಟ್ಟಿಗೆಯಲ್ಲಿತ್ತು. 90ರ ದಶಕದ ರೋಲ್ಯಾಂಡ್ ಎಕ್ಸ್‌ಪಿ-80, ಎಕ್ಸ್‌ಪಿ-60ಗಳಲ್ಲಿ 16 ಟ್ರ್ಯಾಕ್, ಪಕ್ಕದಲ್ಲಿ ಫ್ಲಾಪಿ ಡ್ರೈವ್. ನಮ್ಮ ಆರ್ಕೆಸ್ಟ್ರಾಗಳಲ್ಲಿ ಈ ಎಕ್ಸ್‌ಪಿಗಳನ್ನು ನೋಡದ ಕೀಬೋರ್ಡ್ ವಾದಕರು ಕಡಿಮೆ. ಯಮಾಹಾ ಮೋಟಿಫ್ 2001ರಲ್ಲಿ ಬಂತು. ಆಗೆಲ್ಲ ವರ್ಕ್‌ಸ್ಟೇಷನ್ ಅಂದರೆ ಒಳಗೇ ಪೂರ್ತಿ ಹಾಡು ಕಟ್ಟಬಹುದು ಅಂತ ಅರ್ಥ. ಆಮೇಲೆ ಜನ ಕಂಪ್ಯೂಟರಿನಲ್ಲಿ ಹಾಡು ಕಟ್ಟಲು ಶುರು ಮಾಡಿದರು, ಕಂಪನಿಗಳೂ ಸೀಕ್ವೆನ್ಸರಿನ ಕಡೆ ಗಮನ ಕಡಿಮೆ ಮಾಡಿದವು. 2016ರಲ್ಲಿ ಮೋಟಿಫ್ ಜಾಗಕ್ಕೆ ಮೊಂಟಾಜ್ ಬಂದಾಗ ಮೋಟಿಫಿನ ದೊಡ್ಡ ಸೀಕ್ವೆನ್ಸರ್ ಅದರಲ್ಲಿರಲಿಲ್ಲ, ಸರಳವಾದ ಒಂದು ರೆಕಾರ್ಡರ್ ಇತ್ತು. ಪ್ಯಾಟರ್ನ್ ಸೀಕ್ವೆನ್ಸರನ್ನು ಆಮೇಲೆ ಅಪ್‌ಡೇಟ್‌ನಲ್ಲಿ ಕೊಟ್ಟರು. ಹಾಗಾಗಿ ಹೊಸದು ಅಂದ ಮಾತ್ರಕ್ಕೆ ನಮ್ಮ ಕೆಲಸಕ್ಕೆ ಹಳೆಯದಕ್ಕಿಂತ ವಾಸಿ ಅಂತೇನಿಲ್ಲ. (ಅರೇಂಜರ್ ಕೀಬೋರ್ಡ್ ಬೇರೆ ಜಾತಿ. ಎಡಗೈಯಲ್ಲಿ ಕಾರ್ಡ್ ಹಿಡಿದರೆ ಸ್ಟೈಲ್ ನುಡಿಯುತ್ತದೆ. ಒಬ್ಬರೇ ಮದುವೆ ರಿಸೆಪ್ಷನ್ ನಡೆಸುವುದಾದರೆ ಅದೇ ಸರಿ. ಬೇಸ್, ತಬಲಾ, ಪ್ಯಾಡ್ (ಎಲೆಕ್ಟ್ರಾನಿಕ್ ಡ್ರಮ್) ನುಡಿಸುವವರು ಪಕ್ಕದಲ್ಲಿರುವಾಗ ಅದರ ಸ್ಟೈಲ್ ಎಲ್ಲರ ಕೆಲಸಕ್ಕೂ ಅಡ್ಡ ಬರುತ್ತದೆ.)

ಈಗ ಮುಖ್ಯ ವಿಷಯ. ಸೀಕ್ವೆನ್ಸರಿನಲ್ಲಿ ಎರಡು ರೀತಿ ಇವೆ. ಒಂದು ಟೇಪ್ ರೆಕಾರ್ಡರಿನ ಹಾಗೆ, ಮೊದಲ ಬಾರಿನಿಂದ (ಬಾರ್ ಅಂದರೆ ತಾಳದ ಒಂದು ಆವರ್ತ) ಕೊನೆಯ ಬಾರಿನ ತನಕ ನೇರವಾಗಿ ಓಡುತ್ತದೆ. ಇನ್ನೊಂದು ತುಂಡುಗಳದ್ದು. ಪಲ್ಲವಿ ಒಂದು ತುಂಡು, ಬಿಜಿಎಂ ಒಂದು, ಚರಣ ಒಂದು. ಒಂದು ತುಂಡು ಸುತ್ತುತ್ತಲೇ ಇರುತ್ತದೆ. ನೀವು ಬಟನ್ ಒತ್ತಿದರೆ ಆ ಸುತ್ತು ಮುಗಿದ ಮೇಲೆ ಮುಂದಿನದಕ್ಕೆ ಹೋಗುತ್ತದೆ. ರೆಕಾರ್ಡಿಂಗಿಗೆ ಮೊದಲನೆಯದು ಸುಲಭ. ಸ್ಟೇಜಿಗೆ ನನ್ನ ಓಟು ಎರಡನೆಯದಕ್ಕೆ. ನಮ್ಮಲ್ಲಿ ಹಾಡು ರಿಹರ್ಸಲ್‌ನಲ್ಲಿ ಇದ್ದಷ್ಟೇ ಉದ್ದ ಸ್ಟೇಜಿನಲ್ಲಿ ಇರುವುದಿಲ್ಲ. ಒನ್ಸ್ ಮೋರ್ ಬರುತ್ತದೆ. ಹಾಡಿನ ಮಧ್ಯೆ ಶಾಸಕರು ಬಂದರೆ ಹಾರ ಹಾಕುವ ತನಕ ಬಿಜಿಎಂ ಸುತ್ತಬೇಕಾಗುತ್ತದೆ.

ಹಳೇ ಮೋಟಿಫ್‌ಗಳ ಪ್ಯಾಟರ್ನ್ ಮೋಡ್ ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಒಂದು ಪ್ಯಾಟರ್ನಿನಲ್ಲಿ 'ಎ'ಯಿಂದ 'ಪಿ'ವರೆಗೆ 16 ಸೆಕ್ಷನ್. 2019ರ ರೋಲ್ಯಾಂಡ್ ಫ್ಯಾಂಟಮ್ ಕೂಡ ತುಂಡುಗಳ ದಾರಿಯನ್ನೇ ಹಿಡಿದಿದೆ. ಕೋರ್ಗ್ ಟ್ರೈಟನ್, ಕ್ರೋನೋಸ್‌ಗಳಲ್ಲಿ ಸಾಂಗ್ ನೇರವಾಗಿ ಓಡುವಂಥದ್ದು. ಆದರೆ ಅವುಗಳಲ್ಲಿ ಆರ್‌ಪಿಪಿಆರ್ ಅಂತ ಒಂದು ಸೌಕರ್ಯವಿದೆ. ಒಂದೊಂದು ಕೀಗೆ ಒಂದೊಂದು ಪ್ಯಾಟರ್ನ್ ಕಟ್ಟಬಹುದು, ಕೀ ಒತ್ತಿದರೆ ಅದು ನುಡಿಯುತ್ತದೆ. ಕೊಂಡು ವರ್ಷಗಟ್ಟಲೆಯಾದರೂ ಇದನ್ನು ಮುಟ್ಟದವರನ್ನು ನೋಡಿದ್ದೇನೆ.

ಅಂಗಡಿಯಲ್ಲಿ ಒಂದು ಪರೀಕ್ಷೆ ಮಾಡಿ. ನಾಲ್ಕು ಬಾರಿನ ಎರಡು ತುಂಡು ಸುಮ್ನೆ ರೆಕಾರ್ಡ್ ಮಾಡಿ. ಮೊದಲನೆಯದನ್ನು ಓಡಿಸುತ್ತಾ ಮೂರನೇ ಬಾರಿನ ಮಧ್ಯೆ ಎರಡನೆಯದನ್ನು ಕರೆಯಿರಿ. ತಾಳ ತಪ್ಪದೆ ದಾಟಿತಾ? ದಾಟುವಾಗ ಸ್ಟ್ರಿಂಗ್ಸ್ ಕತ್ತರಿಸಿದ ಹಾಗಾಯಿತಾ? ಈ ಕೆಲಸವನ್ನು ಕಾಲಿನ ಸ್ವಿಚ್ಚಿಗೆ ಕೊಡಬಹುದಾ? ಎರಡೂ ಕೈ ಕೀ ಮೇಲೆ ಇರುವಾಗ ಬಟನ್ ಹುಡುಕಲು ಮೂರನೇ ಕೈ ಇಲ್ಲವಲ್ಲ. ಹಾಗೇ ಏಳು ಮಾತ್ರೆಯ ಒಂದು ಬಾರ್ ಹಾಕಲು ಬಿಡುತ್ತದೆಯಾ ನೋಡಿ. ಮಿಶ್ರ ನಡೆಯ ಹಾಡು ಬಂದಾಗ ಗೊತ್ತಾಗುವುದಕ್ಕಿಂತ ಅಂಗಡಿಯಲ್ಲೇ ಗೊತ್ತಾದರೆ ಒಳ್ಳೆಯದು.

ಎರಡನೇ ಮೋಸ ಎಫೆಕ್ಟಿನದ್ದು, ಅಂದರೆ ಟೋನಿಗೆ ಸೇರಿಸುವ ಎಕೋದಂಥ ಅಲಂಕಾರದ್ದು. ಒಂದೇ ಟೋನ್ ಒತ್ತಿದಾಗ ಬ್ರಾಸ್ ಮೈ ಜುಮ್ಮೆನ್ನಿಸುತ್ತದೆ. ಅದೇ ಬ್ರಾಸನ್ನು ಸಾಂಗಿನ ಐದನೇ ಟ್ರ್ಯಾಕಿಗೆ ಹಾಕಿದರೆ ಸಪ್ಪೆ. ಯಾಕೆಂದರೆ ಆ ಟೋನಿನ ಅರ್ಧ ಅಂದ ಇರುವುದು ಎಫೆಕ್ಟಿನಲ್ಲಿ, ಹಲವು ಮಾಡೆಲ್‌ಗಳಲ್ಲಿ ಸಾಂಗಿನ ಎಲ್ಲ ಟ್ರ್ಯಾಕೂ ಎಫೆಕ್ಟನ್ನು ಹಂಚಿಕೊಳ್ಳಬೇಕು. ಟ್ರೈಟನ್‌ನಲ್ಲಿ 16 ಟ್ರ್ಯಾಕಿಗೆ 5 ಇನ್ಸರ್ಟ್ ಎಫೆಕ್ಟ್, ಕ್ರೋನೋಸ್‌ನಲ್ಲಿ 12. ಆದ್ದರಿಂದ ಟೋನ್ ಕೇಳುವುದಾದರೆ ಆರು ಟ್ರ್ಯಾಕ್ ಒಟ್ಟಿಗೆ ಓಡಿಸಿ ಕೇಳಿ. ಪಾಲಿಫೋನಿಯದ್ದೂ (ಒಟ್ಟಿಗೆ ಎಷ್ಟು ಧ್ವನಿ ನುಡಿಸಬಹುದು ಅನ್ನುವ ಲೆಕ್ಕ) ಇದೇ ಕಥೆ. 128 ಅಂದರೆ 128 ಸ್ವರ ಅಲ್ಲ. ಒಂದು ಸ್ಟ್ರಿಂಗ್ಸ್ ಟೋನ್ ನಾಲ್ಕು ಪದರದ್ದಾಗಿದ್ದರೆ, ನಾಲ್ಕು ಸ್ವರದ ಒಂದು ಕಾರ್ಡಿಗೇ 16 ಹೋಯಿತು. ಅದರ ಮೇಲೆ ನೀವು ಪೆಡಲ್ ಒತ್ತಿ ಪಿಯಾನೋ ನುಡಿಸಿದರೆ ಎಲ್ಲೋ ಒಂದು ಸ್ವರ ಮಾಯವಾಗುತ್ತದೆ. ಒಂದೊಂದು ಸಲ ಅದು ಬೇಸಿನ ಸ್ವರವೇ ಆಗಿರುತ್ತದೆ.

ರೆಡಿ ಆಡಿಯೋ ಟ್ರ್ಯಾಕ್ ಬಿಟ್ಟು ಮಿಡಿ ಸೀಕ್ವೆನ್ಸ್ ಯಾಕೆ ಅಂತ ಈಗಿನವರು ಕೇಳುತ್ತಾರೆ. (ಮಿಡಿಯಲ್ಲಿ ಇರುವುದು ಧ್ವನಿಯಲ್ಲ, ಯಾವ ಸ್ವರ ಯಾವಾಗ ನುಡಿಸಬೇಕು ಅನ್ನುವ ಸೂಚನೆ.) ನಮಗೆ ದೊಡ್ಡ ಲಾಭ ಶ್ರುತಿ. ಇವತ್ತಿನ ಗಾಯಕಿಗೆ ಐದೂವರೆ ಮನೆ, ನಾಳೆ ಬರುವವರಿಗೆ ಐದು. ಮಿಡಿಯಲ್ಲಿ ಅರ್ಧ ಸ್ವರ ಇಳಿಸಿದರೆ ಟೋನ್ ಹಾಳಾಗದೆ ಇಳಿಯುತ್ತದೆ, ವೇಗವನ್ನೂ ಬೇರೆಯಾಗಿ ಬದಲಿಸಬಹುದು. ಆದರೆ ಎಲ್ಲ ಟ್ರ್ಯಾಕನ್ನೂ ಒಟ್ಟಿಗೆ ಏರಿಸಬೇಡಿ! ಡ್ರಮ್ಸ್ ಟ್ರ್ಯಾಕಿನಲ್ಲಿ ಒಂದೊಂದು ಸ್ವರಕ್ಕೆ ಒಂದೊಂದು ವಾದ್ಯ. ಜನರಲ್ ಮಿಡಿ ಅನ್ನುವ ಸಾಮಾನ್ಯ ಪಟ್ಟಿಯಲ್ಲಿ 36ನೇ ಸ್ವರ ಬೇಸ್ ಡ್ರಮ್, 38ನೆಯದು ಸ್ನೇರ್. ಎರಡು ಮೆಟ್ಟಿಲು ಏರಿಸಿದರೆ ಬೇಸ್ ಡ್ರಮ್ ಹೋಗಿ ಸ್ನೇರ್ ಬಾರಿಸುತ್ತದೆ. ನನಗೆ ಇದು ಗೊತ್ತಾದದ್ದು ಒಂದು ರಾಜ್ಯೋತ್ಸವದ ಸ್ಟೇಜಿನ ಮೇಲೆ. ಪ್ಯಾಡ್ ನುಡಿಸುವ ಹುಡುಗ ನನ್ನ ಕಡೆ ನೋಡಿದ ನೋಟ ಇನ್ನೂ ಮರೆತಿಲ್ಲ. ಡ್ರಮ್ಸ್ ಬಿಟ್ಟು ಉಳಿದದ್ದನ್ನು ಮಾತ್ರ ಏರಿಸಲು ಎಷ್ಟು ಬಟನ್ ಒತ್ತಬೇಕು ಅಂತ ಕೊಳ್ಳುವ ಮೊದಲೇ ನೋಡಿ. ಎರಡು ಹಾಡಿನ ಮಧ್ಯೆ ನಿರೂಪಕರು ಮಾತಾಡುವಷ್ಟೇ ಹೊತ್ತು ನಿಮಗೆ ಸಿಗುವುದು.

ಕ್ಲಿಕ್ ಬಗ್ಗೆ, ಅಂದರೆ ಲಯ ತೋರಿಸುವ ಟಕ್ ಟಕ್ ಸದ್ದಿನ ಬಗ್ಗೆ, ಅಂಗಡಿಯವರು ಹೇಳುವುದಿಲ್ಲ. ಯಂತ್ರದ ಜೊತೆ ಮನುಷ್ಯರು ನುಡಿಸಬೇಕಾದರೆ ತಾಳದವರ ಕಿವಿಗೆ ಕ್ಲಿಕ್ ಹೋಗಬೇಕು, ಜನರ ಕಿವಿಗೆ ಹೋಗಬಾರದು. ಮುಖ್ಯ ಎರಡು ಔಟ್‌ಪುಟ್ ಬಿಟ್ಟು ಬೇರೆ ಔಟ್‌ಪುಟ್ ಇದ್ದರೆ ಆರಾಮ. ಕ್ರೋನೋಸ್‌ನಲ್ಲಿ ಅಂಥವು ನಾಲ್ಕಿವೆ. ಎರಡೇ ಇದ್ದರೆ ಸಂಗೀತವನ್ನೆಲ್ಲ ಬಲಕ್ಕೆ, ಕ್ಲಿಕ್ಕನ್ನು ಎಡಕ್ಕೆ ಹಾಕಿ ಮೊನೋದಲ್ಲಿ ಕಳಿಸಬೇಕು. ಸೌಂಡ್‌ನವರು ಎಡ ಬಲ ಅದಲು ಬದಲು ಮಾಡಿದರೆ ಊರಿಗೆಲ್ಲ ಟಕ್ ಟಕ್.

ಇನ್ನು ಕರೆಂಟು. ಹಳ್ಳಿಯ ಜನರೇಟರ್ ನಂಬುವ ಹಾಗಿಲ್ಲ. ಕ್ರೋನೋಸ್ ಆನ್ ಆಗಿ ನುಡಿಸಲು ಸಿದ್ಧವಾಗಲು ಸುಮಾರು ಎರಡು ನಿಮಿಷ ಬೇಕು. ಸ್ಟೇಜಿನ ಮೇಲೆ ಎರಡು ನಿಮಿಷ ಅಂದರೆ ಒಂದು ಯುಗ. ಸೇವ್ ಮಾಡದೆ ಆಫ್ ಮಾಡಿದರೆ ಟ್ರೈಟನ್, ಕ್ರೋನೋಸ್ ಎರಡರಲ್ಲೂ ಸಾಂಗ್ ಉಳಿಯುವುದಿಲ್ಲ. ಕಂಪ್ಯೂಟರಿಗೆ ಹಾಕುವ ಚಿಕ್ಕ ಯುಪಿಎಸ್ ಒಂದನ್ನು ಕೀಬೋರ್ಡ್ ಜೊತೆಗೇ ಕೊಳ್ಳಿ, ಅದರ ದುಡ್ಡನ್ನು ಬಜೆಟ್‌ನಲ್ಲೇ ಸೇರಿಸಿ. ಅಮೆರಿಕದಲ್ಲಿರುವ ನೆಂಟರಿಂದ ತರಿಸುವವರು ಒಂದು ವಿಷಯ ನೋಡಿಕೊಳ್ಳಿ. ಅಲ್ಲಿ 120 ವೋಲ್ಟ್, ಇಲ್ಲಿ 230. ಹೊರಗೆ ಅಡಾಪ್ಟರ್ ಇರುವಂಥದ್ದಾದರೆ ಅಡಾಪ್ಟರ್ ಬದಲಿಸಿದರೆ ಆಯಿತು. ಪವರ್ ಸಪ್ಲೈ ಒಳಗೇ ಇರುವ ಕೆಲವು ಮಾಡೆಲ್‌ಗಳು ಒಂದೇ ವೋಲ್ಟೇಜಿಗೆ ಮಾಡಿದವು. ನೇರ ಪ್ಲಗ್ ಹಾಕಿದರೆ ಕಥೆ ಮುಗಿಯಿತು.

ತೂಕ ನೋಡುವಾಗ ಹೆಸರನ್ನು ಪೂರ್ತಿ ಓದಿ. ಫ್ಯಾಂಟಮ್ 6 ಹದಿನೈದು ಕೆಜಿಗೂ ಜಾಸ್ತಿ. ಫ್ಯಾಂಟಮ್-06 ಆರು ಕೆಜಿ. ಹೆಸರಿನಲ್ಲಿ ಒಂದು ಸೊನ್ನೆಯ ವ್ಯತ್ಯಾಸ, ಬೆನ್ನಿಗೆ ಒಂಬತ್ತು ಕೆಜಿಯದ್ದು. ಬಸ್ಸಿನಲ್ಲಿ ಹೋಗಿ ನುಡಿಸುವವರಿಗೆ ಕೋರ್ಗ್ ಕ್ರಾಸ್ 2ರ 61 ಕೀ ಮಾಡೆಲ್ ಇದೆ. ನಾಲ್ಕು ಕೆಜಿಯೂ ಇಲ್ಲ, 16 ಟ್ರ್ಯಾಕ್ ಇದೆ, ಆರು ಪೆನ್ಸಿಲ್ ಸೆಲ್‌ನಲ್ಲೂ ನಡೆಯುತ್ತದೆ. ಕೀಗಳು ಅಷ್ಟಕ್ಕಷ್ಟೇ, ಅದನ್ನೂ ಹೇಳಿಬಿಡುತ್ತೇನೆ.

ಯಾವುದನ್ನೇ ತಂದರೂ, ಸ್ಟೇಜಿನ ಮೇಲೆ ಇರುವವರ ಭಾಗವನ್ನು ಯಂತ್ರಕ್ಕೆ ಕೊಡಬೇಡಿ. ತಬಲಾದವರು ಎದುರಿಗೆ ಕೂತಿರುವಾಗ ಸೀಕ್ವೆನ್ಸರಿನಲ್ಲಿ ತಬಲಾ ಹಾಕುವುದು ಅವರಿಗೆ ಮಾಡುವ ಅವಮಾನ. ಹಾಗೇ ಎಲ್ಲ ಸ್ವರವನ್ನೂ ಕ್ವಾಂಟೈಸ್ ಮಾಡಿ ತಾಳದ ಗೆರೆಗೆ ಸರಿಯಾಗಿ ತಂದು ನಿಲ್ಲಿಸಬೇಡಿ. ಮೋಟಿಫ್, ಕ್ರೋನೋಸ್‌ನಂಥವು ಒಂದು ಮಾತ್ರೆಯನ್ನು 480 ಭಾಗ ಮಾಡಿ ನಿಮ್ಮ ಕೈಯ ಸಣ್ಣ ಹಿಂದೆ ಮುಂದನ್ನೂ ಹಿಡಿದಿಡುತ್ತವೆ. ಕಷ್ಟಪಟ್ಟು ಹಿಡಿದಿಟ್ಟದ್ದನ್ನು ನಾವೇ ಅಳಿಸುತ್ತೇವೆ, ಅಲ್ವಾ?

ಆ ಗಣೇಶ ಹಬ್ಬದ ಹಾಡು ಈಗ ನನ್ನ ಬಳಿ ಐದು ತುಂಡಾಗಿದೆ. ನಾನು ಕಾಲು ಒತ್ತುವ ತನಕ ಪಲ್ಲವಿಯ ತುಂಡು ಸುತ್ತುತ್ತಲೇ ಇರುತ್ತದೆ. ಇದು ಗಾಯಕರಿಗೆ ಗೊತ್ತಾಗಿಬಿಟ್ಟಿದೆ. ಈಗ ಅವರು ಪಲ್ಲವಿಯನ್ನು ನಾಲ್ಕು ಸಲ ಹಾಡುತ್ತಾರೆ.