ಬಿಲ್ಡ್ ಮುಗಿಯಲು ಇಷ್ಟು ಹೊತ್ತು ಯಾಕೆ?

2007ರಲ್ಲಿ ಗೂಗಲ್‌ನ ಇಂಜಿನಿಯರ್‌ಗಳು ತಮ್ಮದೇ ಒಂದು ದೊಡ್ಡ ಸಿ ಪ್ಲಸ್ ಪ್ಲಸ್ ಭಾಷೆಯ ಪ್ರೋಗ್ರಾಂ ಕಂಪೈಲ್ ಆಗುವುದನ್ನು, ಅಂದರೆ ಯಂತ್ರಕ್ಕೆ ಅರ್ಥವಾಗುವ ರೂಪಕ್ಕೆ ಬದಲಾಗುವುದನ್ನು, ಅಳೆದು ನೋಡಿದರು. ಸುಮಾರು 2000 ಫೈಲುಗಳು. ಎಲ್ಲ ಸೇರಿಸಿದರೆ 4.2 ಮೆಗಾಬೈಟ್. ಆದರೆ ಕಂಪೈಲರ್ ಓದಬೇಕಾಗಿ ಬಂದದ್ದು 8 ಗಿಗಾಬೈಟ್‌ಗಿಂತ ಜಾಸ್ತಿ. ಅಂದರೆ ಬರೆದ ಒಂದೊಂದು ಬೈಟ್‌ಗೆ ಕಂಪೈಲರ್ ಹತ್ತಿರ ಹತ್ತಿರ 2000 ಬೈಟ್ ಓದಿತು.

ಆ ಕೋಡ್ ಬರೆದವರು ದಡ್ಡರೇನೂ ಅಲ್ಲ. ಭಾಷೆ ಇದ್ದದ್ದೇ ಹಾಗೆ. ಬೆಂಗಳೂರಿನಲ್ಲಿ ಇಂದಿಗೂ ಬಿಲ್ಡ್ (ಇಡೀ ಪ್ರೋಗ್ರಾಂ ಕಟ್ಟುವ) ಬಟನ್ ಒತ್ತಿ ಕಾಫಿಗೆ ಎದ್ದು ಹೋಗುವ ಸಾವಿರಾರು ಜನ ಅನುಭವಿಸುತ್ತಿರುವುದೂ ಅದನ್ನೇ.

ಕಂಪೈಲರ್ ಎಂದರೆ ನಾವು ಬರೆದದ್ದನ್ನು ಯಂತ್ರದ ಆದೇಶಗಳಾಗಿ ಬದಲಿಸುವ ಸಾಧನ ಎಂದು ಕಾಲೇಜಿನಲ್ಲಿ ಕಲಿಯುತ್ತೇವೆ. ನಿಜವೇ. ಆದರೆ ಅಷ್ಟೇ ದೊಡ್ಡ ಪ್ರಶ್ನೆ ಇನ್ನೊಂದಿದೆ, ಅದಕ್ಕೆ ಸಿಗಬೇಕಾದ ಗಮನ ಸಿಕ್ಕಿಲ್ಲ ಎಂಬುದು ನನ್ನ ಅಭಿಪ್ರಾಯ. ಪ್ರೋಗ್ರಾಂನ ಒಂದು ತುಂಡನ್ನು ಕಂಪೈಲ್ ಮಾಡುವಾಗ ಉಳಿದ ತುಂಡುಗಳ ಬಗ್ಗೆ ಎಷ್ಟು ಗೊತ್ತಿರಬೇಕು? ತೀರಾ ಕಮ್ಮಿ ಗೊತ್ತಿದ್ದರೆ ತಪ್ಪುಗಳು ಸಿಕ್ಕಿಬೀಳುವುದಿಲ್ಲ. ತೀರಾ ಜಾಸ್ತಿ ಆದರೆ ಕಾಯುವುದೇ ಕೆಲಸವಾಗುತ್ತದೆ. ಎಪ್ಪತ್ತು ವರ್ಷಗಳಿಂದ ಈ ವಿದ್ಯೆ ಈ ಎರಡರ ನಡುವೆ ಓಲಾಡುತ್ತಾ ಬಂದಿದೆ.

ತುಂಡುಗಳ ಯೋಚನೆ ಕಂಪೈಲರ್‌ಗಿಂತ ಹಳೆಯದು. ಕೇಂಬ್ರಿಜ್‌ನಲ್ಲಿ ಎಡ್ಸಾಕ್ ಕಂಪ್ಯೂಟರ್ 1949ರ ಮೇ ತಿಂಗಳಲ್ಲಿ ಮೊದಲ ಪ್ರೋಗ್ರಾಂ ಓಡಿಸಿತು. ಮಾರಿಸ್ ವಿಲ್ಕ್ಸ್, ಡೇವಿಡ್ ವೀಲರ್ ಮತ್ತವರ ಗೆಳೆಯರು ಬೇಗನೆ ಒಂದು ವಿಷಯ ಕಂಡುಕೊಂಡರು. ವರ್ಗಮೂಲ ತೆಗೆಯುವ, ಸಂಖ್ಯೆ ಅಚ್ಚು ಹಾಕುವ ಆದೇಶಗಳನ್ನು ಪ್ರತಿಯೊಬ್ಬರೂ ಮತ್ತೆ ಮತ್ತೆ ಬರೆಯುವುದು ವ್ಯರ್ಥ. ಹಾಗಾಗಿ ಅವನ್ನು ಒಮ್ಮೆ ಸರಿಯಾಗಿ ಬರೆದು, ಕಾಗದದ ಟೇಪ್‌ಗಳಲ್ಲಿ ರಂಧ್ರ ಹೊಡೆದು, ಕಪಾಟಿನಲ್ಲಿಟ್ಟರು. 1951ರ ಹೊತ್ತಿಗೆ ಅಂಥ 87 ಸಬ್‌ರೂಟೀನ್‌ಗಳು ಅಲ್ಲಿದ್ದವು. ಬೇಕಾದದ್ದನ್ನು ತೆಗೆದು ತಮ್ಮ ಟೇಪಿಗೆ ನಕಲು ಮಾಡಿಕೊಳ್ಳುವುದು, ಅಷ್ಟೇ.

ಅಷ್ಟೇ ಅಂದರೂ ಒಂದು ತೊಡಕಿತ್ತು. ಸಬ್‌ರೂಟೀನ್ ಮೆಮೊರಿಯಲ್ಲಿ ಯಾವ ಜಾಗಕ್ಕೆ ಬಂದು ಕೂರುತ್ತದೆ ಎಂದು ಬರೆದವನಿಗೆ ಗೊತ್ತಿರುವುದಿಲ್ಲ. ಜಾಗ ಬದಲಾದರೆ ಒಳಗಿನ ವಿಳಾಸಗಳೆಲ್ಲ ತಪ್ಪು. ಇದಕ್ಕೆ ವೀಲರ್ ಒಂದು ಚಿಕ್ಕ ಪ್ರೋಗ್ರಾಂ ಬರೆದರು. ಅದು ಟೇಪ್ ಓದುತ್ತಾ ಓದುತ್ತಲೇ ವಿಳಾಸಗಳನ್ನು ಹೊಸ ಜಾಗಕ್ಕೆ ತಕ್ಕಂತೆ ತಿದ್ದುತ್ತಿತ್ತು. ಇದು ಕೆಲವೇ ಹತ್ತು ಆದೇಶಗಳ ಪ್ರೋಗ್ರಾಂ! ಇಂದು ನಾವು ಲೋಡರ್ (ಮೆಮೊರಿಗೆ ತಂದಿಡುವುದು), ಲಿಂಕರ್ (ತುಂಡುಗಳನ್ನು ಜೋಡಿಸುವುದು) ಎನ್ನುವ ಸಾಧನಗಳ ಮೂಲ ಕೆಲಸ ಅದರಲ್ಲೇ ಇದೆ.

ಅಮೆರಿಕದಲ್ಲಿ ಗ್ರೇಸ್ ಹಾಪರ್ ಯುನಿವಾಕ್ ಯಂತ್ರಕ್ಕಾಗಿ 1952ರ ಹೊತ್ತಿಗೆ ಎ-0 ಎಂಬ ವ್ಯವಸ್ಥೆ ಕಟ್ಟಿದರು. ಮೊದಲ ಕಂಪೈಲರ್ ಎಂದು ಅದನ್ನು ಕರೆಯುವುದುಂಟು. ಆದರೆ ಅದು ಮಾಡುತ್ತಿದ್ದದ್ದು ಹೆಚ್ಚಾಗಿ ಲಿಂಕರ್ ಕೆಲಸ. ಸಬ್‌ರೂಟೀನ್‌ಗಳ ನಂಬರ್ ಕೊಟ್ಟರೆ ಟೇಪಿನಿಂದ ಹುಡುಕಿ ತಂದು ಜೋಡಿಸಿ ಕೊಡುತ್ತಿತ್ತು. ಗಣಿತದ ಸೂತ್ರವನ್ನು ಹಾಗೇ ಬರೆದು ವೇಗದ ಯಂತ್ರಕೋಡ್ ಪಡೆಯುವ ಸೌಕರ್ಯ ಬಂದದ್ದು 1957ರಲ್ಲಿ, ಐಬಿಎಂನ ಜಾನ್ ಬ್ಯಾಕಸ್ ತಂಡದ ಫೋರ್ಟ್ರಾನ್‌ನಿಂದ.

ಫೋರ್ಟ್ರಾನ್‌ನ ಮೊದಲ ಆವೃತ್ತಿಯಲ್ಲಿ ಇಡೀ ಪ್ರೋಗ್ರಾಂ ಒಂದೇ ಸಲಕ್ಕೆ ಕಂಪೈಲ್ ಆಗಬೇಕಿತ್ತು. ಒಂದು ಸಾಲು ತಿದ್ದಿದರೂ ಮೊದಲಿಂದ ಶುರು. ಆಗಿನ ಯಂತ್ರಗಳೋ ಆಗಾಗ ಕೆಟ್ಟು ನಿಲ್ಲುತ್ತಿದ್ದವು. ದೊಡ್ಡ ಪ್ರೋಗ್ರಾಂ ಕಂಪೈಲ್ ಆಗಿ ಮುಗಿಯುವವರೆಗೆ ಯಂತ್ರ ಸರಿಯಾಗಿ ಇರುತ್ತದೆ ಎಂಬ ಭರವಸೆ ಇರಲಿಲ್ಲ. 1958ರ ಎರಡನೇ ಆವೃತ್ತಿಯಲ್ಲಿ ಸಬ್‌ರೂಟೀನ್‌ಗಳನ್ನು ಬೇರೆ ಬೇರೆಯಾಗಿ ಕಂಪೈಲ್ ಮಾಡಿ ಆಮೇಲೆ ಜೋಡಿಸುವ ವ್ಯವಸ್ಥೆ ಬಂತು.

ಇಲ್ಲಿಂದ ಇನ್ನೊಂದು ತಲೆನೋವು ಶುರುವಾಯಿತು. ಬೇರೆ ಬೇರೆಯಾಗಿ ಕಂಪೈಲ್ ಆದ ತುಂಡುಗಳ ನಡುವೆ ಉಳಿಯುತ್ತಿದ್ದದ್ದು ಹೆಸರು ಮಾತ್ರ. ಒಂದು ಸಬ್‌ರೂಟೀನ್ ಮೂರು ಸಂಖ್ಯೆ ಕೇಳುತ್ತದೆ, ಕರೆಯುವವನು ಎರಡೇ ಕೊಟ್ಟಿದ್ದಾನೆ ಎಂದುಕೊಳ್ಳಿ. ಲಿಂಕರ್‌ಗೆ ಅದೇನೂ ಕಾಣುವುದಿಲ್ಲ. ಹೆಸರು ಹೊಂದಿತು, ಜೋಡಿಸಿತು, ಮುಗಿಯಿತು. ತಪ್ಪು ಉತ್ತರ ಬಂದ ಮೇಲೆ ಹುಡುಕುವುದು ನಮ್ಮ ಪಾಡು. ಹೆಸರಿಗೂ ಜಾಗ ಕಮ್ಮಿ, ಫೋರ್ಟ್ರಾನ್‌ನಲ್ಲಿ ಆರೇ ಅಕ್ಷರ. ಈ ಮಿತಿ ಎಷ್ಟು ದೀರ್ಘಾಯುಷಿ ಎಂದರೆ, 1989ರ ಸಿ ಭಾಷೆಯ ಪ್ರಮಾಣವೂ (ಸ್ಟ್ಯಾಂಡರ್ಡ್) ಫೈಲುಗಳಾಚೆ ಕಾಣುವ ಹೆಸರುಗಳಿಗೆ ಆರು ಅಕ್ಷರದ ಖಾತರಿಯನ್ನಷ್ಟೇ ಕೊಟ್ಟಿತು. ಹಳೆಯ ಲಿಂಕರ್‌ಗಳು ಇನ್ನೂ ಬಳಕೆಯಲ್ಲಿದ್ದವಲ್ಲ!

ತುಂಡು ಮಾಡುವುದು ಹೇಗೆ ಎಂದು ಆಳವಾಗಿ ಯೋಚಿಸಿದವರು ಡೇವಿಡ್ ಪಾರ್ನಾಸ್. 1972ರ ಡಿಸೆಂಬರ್‌ನಲ್ಲಿ ಪ್ರಕಟವಾದ ಅವರ ಲೇಖನ ಕೆಲವೇ ಪುಟಗಳದ್ದು, ಇವತ್ತು ಓದಿದರೂ ಹಳತು ಅನ್ನಿಸುವುದಿಲ್ಲ. ಸಾಲುಗಳನ್ನು ಓದಿ, ಪ್ರತಿ ಸಾಲಿನ ಪದಗಳನ್ನು ಸರದಿಯಾಗಿ ತಿರುಗಿಸಿ, ಎಲ್ಲವನ್ನೂ ಅಕ್ಷರಕ್ರಮದಲ್ಲಿ ಜೋಡಿಸುವ ಒಂದು ಸಣ್ಣ ಪ್ರೋಗ್ರಾಂ ಅವರ ಉದಾಹರಣೆ. ಎಲ್ಲರೂ ಮಾಡುತ್ತಿದ್ದ ಕ್ರಮದಲ್ಲಿ ಓದುವುದು ಒಂದು ಮಾಡ್ಯೂಲ್ (ತುಂಡು), ತಿರುಗಿಸುವುದು ಒಂದು, ಜೋಡಿಸುವುದು ಇನ್ನೊಂದು. ಇದರಲ್ಲಿ ಸಾಲುಗಳನ್ನು ಮೆಮೊರಿಯಲ್ಲಿ ಇಡುವ ರೀತಿ ಬದಲಾದರೆ ಎಲ್ಲ ಮಾಡ್ಯೂಲ್‌ಗಳನ್ನೂ ತಿದ್ದಬೇಕು. ಪಾರ್ನಾಸ್ ಬೇರೆ ದಾರಿ ತೋರಿಸಿದರು. ಮುಂದೆ ಬದಲಾಗಬಹುದಾದ ಒಂದೊಂದು ನಿರ್ಧಾರವನ್ನೂ ಒಂದೊಂದು ಮಾಡ್ಯೂಲ್ ಒಳಗೆ ಬಚ್ಚಿಡಿ. ಹೊರಗಿನವರಿಗೆ ಏನು ಕೇಳಬಹುದು ಎಂಬುದಷ್ಟೇ ಗೊತ್ತಿರಲಿ, ಒಳಗೆ ಹೇಗೆ ನಡೆಯುತ್ತದೆ ಎಂಬುದು ಬೇಡ.

ಈ ಯೋಚನೆಯನ್ನು ಭಾಷೆಯೊಳಗೇ ತಂದ ಕೆಲಸಗಳಲ್ಲಿ ಮೆಸಾ ನನಗೆ ಬಹಳ ಇಷ್ಟ. ಕ್ಯಾಲಿಫೋರ್ನಿಯಾದ ಝೆರಾಕ್ಸ್ ಕಂಪನಿಯ ಪಾರ್ಕ್ ಎಂಬ ಸಂಶೋಧನಾ ಕೇಂದ್ರದಲ್ಲಿ 1970ರ ದಶಕದಲ್ಲಿ ಹುಟ್ಟಿದ ಭಾಷೆ ಇದು. ಕಟ್ಟಿದವರಲ್ಲಿ ಒಬ್ಬರಾದ ಚಾರ್ಲ್ಸ್ ಗೆಶ್ಕಿ ಮುಂದೆ ಅಡೋಬಿ ಕಂಪನಿ ಶುರು ಮಾಡಿದವರಲ್ಲಿ ಒಬ್ಬರು. ಮೆಸಾದಲ್ಲಿ ಮಾಡ್ಯೂಲ್‌ನ ಹೊರಮುಖ ಬೇರೆ, ಒಳಗಿನ ಕೆಲಸ ಬೇರೆ. ಜೋಡಿಸುವಾಗ ಹೆಸರಿನ ಜೊತೆಗೆ ಟೈಪ್ (ಯಾವ ಬಗೆಯ ಮೌಲ್ಯ ಎಂಬ ವಿವರ) ಕೂಡ ಹೊಂದಬೇಕು. ಜ್ಯೂರಿಕ್‌ನ ನಿಕ್ಲಾಸ್ ವಿರ್ತ್ 1976-77ರಲ್ಲಿ ಪಾರ್ಕ್‌ನಲ್ಲಿದ್ದರು. ಊರಿಗೆ ಮರಳಿ ಮಾಡ್ಯುಲಾ-2 ರೂಪಿಸಿದರು. ಅಲ್ಲಿ ಹೊರಮುಖವನ್ನು ಒಮ್ಮೆ ಕಂಪೈಲ್ ಮಾಡಿದರೆ ಒಂದು ಚಿಕ್ಕ ಸಿಂಬಲ್ ಫೈಲ್ ಸಿಗುತ್ತಿತ್ತು. ಬಳಸುವವರು ಅದನ್ನೇ ಓದಿದರೆ ಸಾಕು. ಬೇರೆ ಬೇರೆಯಾಗಿ ಕಂಪೈಲ್ ಮಾಡಬಹುದು, ಆದರೂ ತಪ್ಪು ನುಸುಳುವುದಿಲ್ಲ. 1980ರ ಆಸುಪಾಸಿನಲ್ಲೇ ಉತ್ತರ ಸಿಕ್ಕಿತ್ತು, ಅಲ್ವಾ?

ಸಿಕ್ಕಿತ್ತು. ಆದರೆ ಜಗತ್ತು ಸಿ ಭಾಷೆಯ ಹಿಂದೆ ಹೋಯಿತು.

ಬೆಲ್ ಲ್ಯಾಬ್ಸ್‌ನಲ್ಲಿ ಡೆನಿಸ್ ರಿಚಿ ಸಿ ಕಟ್ಟುತ್ತಿದ್ದ ದಿನಗಳಲ್ಲಿ ಯಂತ್ರ ತೀರಾ ಚಿಕ್ಕದು. ಯುನಿಕ್ಸ್ ಆಪರೇಟಿಂಗ್ ಸಿಸ್ಟಂ ಓಡುತ್ತಿದ್ದ ಮೊದಲ ಪಿಡಿಪಿ-11 ಯಂತ್ರದಲ್ಲಿ ಇದ್ದದ್ದು 24 ಕಿಲೋಬೈಟ್ ಮೆಮೊರಿ. 1972-73ರ ಸುಮಾರಿಗೆ ಸಿ ಭಾಷೆಗೆ ಪ್ರೀಪ್ರೊಸೆಸರ್, ಅಂದರೆ ಕಂಪೈಲ್ ಆಗುವ ಮೊದಲು ಪಠ್ಯವನ್ನು ಸಿದ್ಧಮಾಡುವ ಸಾಧನ, ಬಂತು. ಇನ್‌ಕ್ಲೂಡ್ ಎಂದು ಬರೆದರೆ ಆ ಹೆಸರಿನ ಫೈಲಿನ ಪಠ್ಯವನ್ನೆಲ್ಲ ತಂದು ಆ ಜಾಗದಲ್ಲಿ ಅಂಟಿಸುತ್ತದೆ. ಅಷ್ಟು ಸರಳ. ಹೆಡರ್ ಎಂಬ ಫೈಲಿನಲ್ಲಿ ಫಂಕ್ಷನ್‌ಗಳ (ಸಿ ಭಾಷೆಯ ಸಬ್‌ರೂಟೀನ್‌ಗಳ) ವಿವರ ಬರೆದಿಟ್ಟು, ಬೇಕಾದವರು ಸೇರಿಸಿಕೊಳ್ಳುವುದು. ಆ ಯಂತ್ರಕ್ಕೆ, ಆ ಗಾತ್ರದ ಪ್ರೋಗ್ರಾಂಗೆ ಅದು ಸರಿಯಾದ ನಿರ್ಧಾರವೇ ಆಗಿತ್ತು ಎಂದು ನಾನು ನಂಬುತ್ತೇನೆ.

ತೊಂದರೆ ಬೆಳೆದದ್ದು ಹೆಡರ್‌ಗಳು ಹೆಡರ್‌ಗಳನ್ನು ಕರೆಯತೊಡಗಿದಾಗ. ಮದುವೆಗೆ ಒಬ್ಬರನ್ನು ಕರೆದರೆ ಅವರ ನೆಂಟರು, ನೆಂಟರ ನೆಂಟರು ಎಲ್ಲ ಬಂದ ಹಾಗೆ. 1984ರಲ್ಲಿ ಯುನಿಕ್ಸ್‌ನ ಪಿಎಸ್ ಎಂಬ ಪುಟ್ಟ ಆದೇಶವನ್ನು ಕಂಪೈಲ್ ಮಾಡುವಾಗ ನೋಡಿದರೆ, ಒಂದೇ ಹೆಡರ್ 37 ಸಲ ಸೇರುತ್ತಿತ್ತು. 36 ಸಲ ಓದಿದ್ದು ಸುಮ್ನೆ ದಂಡ. ಇನ್ನೊಂದು ಕಡೆ, ಒಂದು ಹೆಡರ್‌ನಲ್ಲಿ ಬರೀ ಕಾಮೆಂಟ್ (ಓದುವವರಿಗಾಗಿ ಬರೆದ ಟಿಪ್ಪಣಿ) ತಿದ್ದಿದರೂ ಅದನ್ನು ಬಳಸುವ ಎಲ್ಲ ಫೈಲುಗಳೂ ಮತ್ತೆ ಕಂಪೈಲ್ ಆಗಬೇಕು.

ಯಾವ ಫೈಲ್ ಮತ್ತೆ ಕಂಪೈಲ್ ಆಗಬೇಕು ಎಂದು ನೆನಪಿಟ್ಟುಕೊಳ್ಳುವುದು ಮನುಷ್ಯರಿಂದಾಗದ ಕೆಲಸ. ಬೆಲ್ ಲ್ಯಾಬ್ಸ್‌ನ ಸ್ಟೀವ್ ಜಾನ್ಸನ್ ಒಂದು ಬೆಳಿಗ್ಗೆಯೆಲ್ಲ ಇಲ್ಲದ ದೋಷ ಹುಡುಕಿದರು. ದೋಷ ತಿದ್ದಿಯಾಗಿತ್ತು, ತಿದ್ದಿದ ಫೈಲ್ ಮತ್ತೆ ಕಂಪೈಲ್ ಆಗಿರಲಿಲ್ಲ ಅಷ್ಟೇ. ಸಹೋದ್ಯೋಗಿ ಸ್ಟುವರ್ಟ್ ಫೆಲ್ಡ್‌ಮನ್‌ಗೂ ಇದೇ ಕಾಟ ಇತ್ತು. ಅವರು 1976ರಲ್ಲಿ ಮೇಕ್ ಬರೆದರು. ಫೈಲುಗಳ ಸಮಯ ನೋಡಿ, ಹಳತಾದದ್ದನ್ನು ಮಾತ್ರ ಮತ್ತೆ ಕಟ್ಟುವ ಸಾಧನ. ಅದು ಇವತ್ತಿಗೂ ಓಡುತ್ತಿದೆ.

ಸಿ ಪ್ಲಸ್ ಪ್ಲಸ್ ಈ ಹೊರೆಯನ್ನೆಲ್ಲ ಹೊತ್ತುಕೊಂಡೇ ಹುಟ್ಟಿತು. ಅದನ್ನು ರೂಪಿಸಿದ ಬಿಯಾರ್ನೆ ಸ್ಟ್ರೌಸ್ಟ್ರಪ್‌ಗೆ ಲಿಂಕರ್ ಬದಲಿಸುವ ಅಧಿಕಾರ ಇರಲಿಲ್ಲ. ಹಾಗಾಗಿ ಫಂಕ್ಷನ್‌ನ ಟೈಪ್ ವಿವರವನ್ನು ಅದರ ಹೆಸರಿನೊಳಗೇ ತುರುಕಿದರು. ಟೈಪ್ ತಪ್ಪಿದರೆ ಹೆಸರು ಹೊಂದುವುದಿಲ್ಲ, ಲಿಂಕರ್ ತಾನಾಗೇ ದೂರುತ್ತದೆ. ಆಮೇಲೆ ಟೆಂಪ್ಲೇಟ್‌ಗಳು, ಅಂದರೆ ಹಲವು ಟೈಪ್‌ಗಳಿಗೆ ಹೊಂದುವ ಕೋಡ್‌ನ ಅಚ್ಚುಗಳು, ಬಂದವು. ಅವುಗಳ ಒಳಗಿನ ಕೋಡ್ ಪೂರ್ತಿ ಹೆಡರ್‌ನಲ್ಲೇ ಇರಬೇಕಾಯಿತು. ಹೆಡರ್‌ಗಳು ಊದಿಕೊಂಡವು. 8 ಗಿಗಾಬೈಟ್ ಹುಟ್ಟಿದ್ದು ಹೀಗೆ.

2007ರಲ್ಲಿ ಗೂಗಲ್‌ನಲ್ಲಿ ರಾಬರ್ಟ್ ಗ್ರೀಸಮರ್, ರಾಬ್ ಪೈಕ್, ಕೆನ್ ಥಾಂಪ್ಸನ್ ಗೋ ಭಾಷೆ ಶುರು ಮಾಡಿದ್ದಕ್ಕೆ ಈ ಕಾಯುವಿಕೆಯೂ ಒಂದು ಕಾರಣ. ಗ್ರೀಸಮರ್ ಜ್ಯೂರಿಕ್‌ನಲ್ಲಿ, ವಿರ್ತ್ ಪರಂಪರೆಯಲ್ಲೇ ಓದಿದವರು. ಗೋ ಭಾಷೆಯ ಪ್ಯಾಕೇಜ್ (ಪ್ರೋಗ್ರಾಂನ ತುಂಡು) ವ್ಯವಸ್ಥೆಯಲ್ಲಿ ಅದು ಚೆನ್ನಾಗಿ ಕಾಣುತ್ತದೆ. ಒಂದು ಪ್ಯಾಕೇಜ್ ಕಂಪೈಲ್ ಆದಾಗ ಹೊರಗಿನವರಿಗೆ ಬೇಕಾದ ಮಾಹಿತಿಯೆಲ್ಲ ಅದರ ಫೈಲಿನಲ್ಲೇ ಸೇರುತ್ತದೆ. ಬಳಸುವವರು ಆ ಒಂದು ಫೈಲ್ ಓದಿದರೆ ಸಾಕು, ಅದರ ನೆಂಟರನ್ನೆಲ್ಲ ತೆರೆಯಬೇಕಿಲ್ಲ. ಬಳಸದ ಪ್ಯಾಕೇಜ್ ಇಂಪೋರ್ಟ್ ಮಾಡಿದರೆ (ತರಿಸಿಕೊಂಡರೆ) ಎಚ್ಚರಿಕೆ ಅಲ್ಲ, ನೇರ ದೋಷವೇ. ಎರಡು ಪ್ಯಾಕೇಜ್‌ಗಳು ಒಂದನ್ನೊಂದು ಇಂಪೋರ್ಟ್ ಮಾಡುವಂತಿಲ್ಲ. ಸಿ ಪ್ಲಸ್ ಪ್ಲಸ್‌ನಲ್ಲಿ 2000 ಪಟ್ಟು ಇದ್ದದ್ದು ಗೋದಲ್ಲಿ ಸುಮಾರು 40 ಪಟ್ಟಿಗೆ ಇಳಿಯಿತು ಎಂದು ಪೈಕ್ 2012ರಲ್ಲಿ ವಿವರಿಸಿದರು.

ಗಡಿ ಹಾಕಿದರೆ ಎಲ್ಲ ಸುಖ ಎಂದೇನೂ ಅಲ್ಲ. ಇನ್ನೊಂದು ಫೈಲಿನ ಒಳಗೆ ಏನಿದೆ ಎಂದು ಕಾಣದಿದ್ದರೆ ಕಂಪೈಲರ್ ಆ ಫಂಕ್ಷನ್ನನ್ನು ಕರೆದ ಜಾಗದಲ್ಲೇ ಬಿಡಿಸಿ ಬರೆಯಲಾರದು, ಪ್ರೋಗ್ರಾಂ ನಿಧಾನವಾಗುತ್ತದೆ. ಅದಕ್ಕೇ ಲಿಂಕ್ ಮಾಡುವ ಹೊತ್ತಿಗೆ ಮತ್ತೆ ಎಲ್ಲವನ್ನೂ ಒಟ್ಟಿಗೆ ನೋಡುವ ಪದ್ಧತಿ ಬಂದಿದೆ. ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಕ್ರಿಸ್ ಲ್ಯಾಟ್ನರ್ ಮತ್ತು ವಿಕ್ರಮ್ ಅದ್ವೆ ಶುರು ಮಾಡಿದ ಎಲ್‌ಎಲ್‌ವಿಎಂ ಎಂಬ ಕಂಪೈಲರ್ ಕಟ್ಟುವ ಸಾಧನ ಇದಕ್ಕೆ ಅನುಕೂಲ ಮಾಡಿಕೊಟ್ಟಿತು. ಬರೆಯುವವರಿಗಾಗಿ ಬಿಡಿಸು, ಓಡುವ ವೇಗಕ್ಕಾಗಿ ಕೂಡಿಸು. ಎರಡಕ್ಕೂ ಸಮಯ ಬೇಕು.

ಸಿ ಪ್ಲಸ್ ಪ್ಲಸ್‌ಗೆ ಮಾಡ್ಯೂಲ್ ಬಂದದ್ದು 2020ರ ಪ್ರಮಾಣದಲ್ಲಿ. ಪ್ರೀಪ್ರೊಸೆಸರ್ ತೊಲಗಬೇಕು ಎಂದು ಸ್ಟ್ರೌಸ್ಟ್ರಪ್ 1994ರಲ್ಲೇ ಬರೆದಿದ್ದರು. ಇಷ್ಟು ತಡವಾದದ್ದಕ್ಕೆ ಬೇಸರವಾಗುತ್ತದೆ, ಆದರೆ ಕಷ್ಟ ಎಲ್ಲಿತ್ತು ಎಂಬುದನ್ನೂ ನೋಡಬೇಕು. ಹೆಡರ್‌ಗಳ ಕಾಲದಲ್ಲಿ ಫೈಲುಗಳನ್ನು ಯಾವ ಕ್ರಮದಲ್ಲಾದರೂ, ಒಟ್ಟೊಟ್ಟಿಗೆ ಕಂಪೈಲ್ ಮಾಡಬಹುದಿತ್ತು. ಮಾಡ್ಯೂಲ್ ಬಂದ ಮೇಲೆ, ಯಾವ ಫೈಲ್ ಯಾವ ಮಾಡ್ಯೂಲ್ ಕೊಡುತ್ತದೆ ಎಂದು ಮೊದಲೇ ಓದಿ ಸರದಿ ಹಾಕಬೇಕು. ಭಾಷೆ ಬದಲಾದರೆ ಸಾಲದು, ಬಿಲ್ಡ್ ಸಾಧನಗಳೂ ಬದಲಾಗಬೇಕು. ಫೋರ್ಟ್ರಾನ್ 90ರ ಮಾಡ್ಯೂಲ್‌ಗಳಲ್ಲೂ ಇದೇ ತೊಡಕಿತ್ತು. ಅದಕ್ಕಾಗಿ ನಿಂಜಾ ಎಂಬ ಬಿಲ್ಡ್ ಸಾಧನದಲ್ಲಿ ಮಾಡಿದ ಏರ್ಪಾಡನ್ನೇ ಈಗ ಸಿ ಪ್ಲಸ್ ಪ್ಲಸ್‌ಗೂ ಬಳಸುತ್ತಿದ್ದಾರೆ. ಸಿಮೇಕ್ ಎಂಬ ಇನ್ನೊಂದು ಬಿಲ್ಡ್ ಸಾಧನ ಪ್ರಯೋಗದ ಹಂತ ದಾಟಿ ಮಾಡ್ಯೂಲ್‌ಗಳಿಗೆ ಬೆಂಬಲ ಕೊಟ್ಟದ್ದು 2023ರ ಡಿಸೆಂಬರ್‌ನಲ್ಲಿ, 3.28ನೇ ಆವೃತ್ತಿಯಲ್ಲಿ. ಇಂಪೋರ್ಟ್ ಮತ್ತು ಇನ್‌ಕ್ಲೂಡ್ ಎರಡೂ ಒಂದೇ ಪ್ರಾಜೆಕ್ಟ್‌ನಲ್ಲಿ ಜೊತೆಗಿರಲು ಅವಕಾಶ ಇದೆ. ಹಳೆಯ ದೊಡ್ಡ ಪ್ರಾಜೆಕ್ಟ್‌ಗಳಲ್ಲಿ ಕೆಲಸ ಮಾಡುವವರು ಎಲ್ಲರೂ ಬಳಸುವ, ಆದರೆ ಅಪರೂಪಕ್ಕೆ ಬದಲಾಗುವ ಲೈಬ್ರರಿಗಳಿಂದ ಶುರು ಮಾಡಿ ಒಂದೊಂದಾಗಿ ಬದಲಿಸುತ್ತಾ ಹೋಗಬಹುದು.